ಪಟ್ಟಿಯ ಬಣ್ಣ, ಯಂತ್ರದ ಅಂಕಿ

ಸುರಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಬೋರಿಂಗಿನ ಕಟ್ಟೆಯ ಮೇಲೆ ಕುಳಿತು ಇಪ್ಪತ್ತು ನಿಮಿಷ ಕಾದದ್ದು ನನಗೆ ಇವತ್ತಿಗೂ ನೆನಪಿದೆ. ಎದುರಿಗೆ ಅಂಗೈಯಷ್ಟಿದ್ದ ಪ್ಲಾಸ್ಟಿಕ್ ಸೀಸೆ. ಅದರೊಳಗೆ ಆಗಷ್ಟೇ ಬೋರಿಂಗ್ ಹೊಡೆದು ತುಂಬಿದ ನೀರು, ಒಂದು ಚಿಟಿಕೆ ಆಮ್ಲದ ಪುಡಿ, ಒಂದು ಚಿಟಿಕೆ ಸತುವಿನ ಪುಡಿ. ನೀರು ಸೋಡಾದ ಹಾಗೆ ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಮುಚ್ಚಳದಲ್ಲಿ ಸಿಕ್ಕಿಸಿದ ಬಿಳಿ ಕಾಗದದ ಪಟ್ಟಿಯ ಮೇಲೆ ಮಾತ್ರ ಎಲ್ಲರ ಕಣ್ಣು. ಪರೀಕ್ಷೆ ಮಾಡುತ್ತಿದ್ದವರು ಊರಿನದೇ ಹೆಣ್ಣುಮಗಳು, ನೀರು ಪರೀಕ್ಷೆಯ ತರಬೇತಿ ಪಡೆದು ಬಂದವರು. ಸುತ್ತ ಕೊಡ ಹಿಡಿದು ನಿಂತವರ ಗೊಣಗಾಟ ಕೇಳಿ ಅವರು ನನ್ನ ಕಡೆ ತಿರುಗಿದರು. "ಇಪ್ಪತ್ತು ನಿಮಿಷ ಅಂದ್ರ ಎಷ್ಟು ಕೊಡ ತುಂಬ್ತಾವ ನೋಡ್ರಿ ಸರ. ಮಂದಿ ಹ್ಯಾಂಗ ಕಾಯ್ತಾರ?"

ಹೊತ್ತು ಮುಗಿದ ಮೇಲೆ ಪಟ್ಟಿ ತೆಗೆದು, ನೆರಳಿನಲ್ಲಿ ಹಿಡಿದು, ಕಿಟ್ಟಿನ ಜೊತೆ ಬಂದಿದ್ದ ಬಣ್ಣದ ಚೀಟಿಯ ಪಕ್ಕ ಇಟ್ಟರು. ಚೀಟಿಯ ಮೇಲೆ ತಿಳಿ ಹಳದಿಯಿಂದ ಕಡು ಕಂದಿನವರೆಗೆ ಸಾಲಾಗಿ ಚೌಕಗಳು. ಒಂದೊಂದು ಚೌಕಕ್ಕೂ ಒಂದೊಂದು ಅಂಕಿ. "ನನಗ ಇಪ್ಪತ್ತೈದು ಕಾಣ್ತದ. ನಿಮಗ?" ಎಂದರು. ನನಗೆ ಐವತ್ತರ ಹತ್ತಿರ ಕಂಡಿತ್ತು. ಒಂದೇ ಪಟ್ಟಿ, ಒಂದೇ ಬೆಳಕು, ಎರಡು ಜೊತೆ ಕಣ್ಣು, ಎರಡು ಉತ್ತರ.

ಅದೇ ನೀರನ್ನು ಇನ್ನೊಂದು ಬಾಟಲಿಗೆ ತುಂಬಿ ನಾನು ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿನ ಯಂತ್ರ ದಶಾಂಶದ ಆಚೆಗಿನ ಅಂಕಿಯನ್ನೂ ಹೇಳುತ್ತದೆ. ಆದರೆ ಅದು ಹೇಳುವ ಹೊತ್ತಿಗೆ ಆ ಬೋರಿಂಗಿನಿಂದ ಇನ್ನೆಷ್ಟು ಸಾವಿರ ಕೊಡ ನೀರು ಮನೆಗಳಿಗೆ ಹೋಗಿರುತ್ತದೆ! ನೀರಿನಲ್ಲಿ, ಅನ್ನದಲ್ಲಿ ಅಡಗಿರುವ ಲೋಹಗಳನ್ನು ಅಳೆಯುವ ಕೆಲಸದಲ್ಲಿ ಹಲವು ವರ್ಷ ಕಳೆದವನು ನಾನು. ಬಾವಿಯ ದಂಡೆಯ ಪಟ್ಟಿಯನ್ನು ನಂಬಬೇಕೋ, ದೂರದ ಯಂತ್ರವನ್ನು ನಂಬಬೇಕೋ ಎಂಬ ಜಗಳವನ್ನು ಎರಡೂ ಕಡೆಯಿಂದ ಕೇಳಿದ್ದೇನೆ. ಎರಡೂ ಕಡೆ ಸತ್ಯವಿದೆ. ಆದರೆ ಎರಡರ ತೂಕ ಎಲ್ಲ ಕಡೆಯೂ ಸಮವಲ್ಲ.

ಜಗಳ ಯಾವುದರ ಮೇಲೆ ಎಂಬುದನ್ನು ಮೊದಲು ನೋಡೋಣ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಒಂದು ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಹೇಳಿತು. ನಮ್ಮ ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿಯೂ ಅದೇ, ಲೀಟರಿಗೆ 0.01 ಮಿಲಿಗ್ರಾಂ. ಇದೆಷ್ಟು ಎಂದು ಕಣ್ಣಿಗೆ ಕಟ್ಟಬೇಕಾದರೆ ಹತ್ತು ಸಾವಿರ ಲೀಟರ್ ಹಿಡಿಯುವ ಹತ್ತು ಟ್ಯಾಂಕರ್‌ಗಳನ್ನು ಸಾಲಾಗಿ ನಿಲ್ಲಿಸಿ, ಅಷ್ಟೂ ನೀರಿಗೆ ಒಂದೇ ಒಂದು ಗ್ರಾಂ ಬೆರೆಸಿದಂತೆ ಎಂದುಕೊಳ್ಳಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಹೆಚ್ಚುತ್ತದೆ. ಪಾಷಾಣ ಎಂದು ನಮ್ಮ ಹಿರಿಯರು ಕರೆಯುತ್ತಿದ್ದುದು ಇದರ ಬಳಗವನ್ನೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಪೂರ್ತಿ ಲೋಹವಲ್ಲ, ಅರೆಲೋಹ. ಪ್ರಯೋಗಾಲಯಗಳಲ್ಲಿ ಮಾತ್ರ ಸೀಸ, ಕ್ಯಾಡ್ಮಿಯಂ, ಪಾದರಸಗಳ ಪಂಕ್ತಿಯಲ್ಲೇ ಇದಕ್ಕೂ ಎಲೆ ಹಾಕುತ್ತಾರೆ.

ಇದು ಬಂಗಾಳದ ಕಥೆ, ನಮ್ಮದಲ್ಲ ಎಂದುಕೊಂಡವರು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹೆಸರು ಕೇಳಿರಲಾರರು. ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಊರಿನ ಹೆಸರು ಹೊತ್ತ ಶಿಲಾಪಟ್ಟಿಯಲ್ಲಿ (ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಕಿರದಳ್ಳಿ ತಾಂಡಾ ಸೇರಿದಂತೆ ಆ ಪ್ರದೇಶದಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳ ಮಾದರಿಗಳಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ 10 ಮೈಕ್ರೊಗ್ರಾಂ ದಾಟಿತ್ತು. ಅತಿ ಹೆಚ್ಚು ಸಿಕ್ಕಿದ್ದು 303. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಗಣಿಯ ಪುಡಿಮಣ್ಣು ಜನವಸತಿಯ ಜಾಗಕ್ಕೆ ಹರಡಿರಬಹುದು ಎಂದು ಸಂಶೋಧಕರು ಬರೆದರು. ಆ ಅಂಕಿಗಳು ಹುಟ್ಟಿದ್ದು ಯಂತ್ರದಲ್ಲಿ. ಕಾಗದದ ಪಟ್ಟಿಯಿಂದ ಈ ಮಟ್ಟದ ಪುರಾವೆ ಬರುವುದಿಲ್ಲ. ಆದರೆ ಜನರ ಅಂಗೈ, ಅಂಗಾಲುಗಳಲ್ಲಿ ಗಂಟು ಏಳಲು ವರ್ಷಗಟ್ಟಲೆ ಬೇಕು. ಅಷ್ಟು ವರ್ಷ ಅವರು ಆ ನೀರು ಕುಡಿಯುತ್ತಿದ್ದಾಗ ಬಾವಿಯ ಬಳಿ ಪಟ್ಟಿ ಹಿಡಿದು ಕುಳಿತವರು ಯಾರೂ ಇರಲಿಲ್ಲ. ಒಂದೇ ಊರು ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ.

ಪಟ್ಟಿಯ ಪರವಾಗಿ ವಾದಿಸುವವರು ಅದರ ಹುಟ್ಟನ್ನು ನೆನಪಿಸಬೇಕು. 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಮೊಮ್ಮಗ ಅಜ್ಜನ ಕಾಫಿಗೆ ಆರ್ಸೆನಿಕ್ ಹಾಕಿದ ಎಂಬ ಮೊಕದ್ದಮೆ ನಡೆಯಿತು. ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಅಂದಿನ ವಿಧಾನದಲ್ಲಿ ವಿಷ ಪತ್ತೆ ಹಚ್ಚಿದರು. ಆದರೆ ತೀರ್ಪು ಕೊಡುವ ಜ್ಯೂರಿಯ ಮುಂದೆ ಇಡುವ ಹೊತ್ತಿಗೆ ಆ ಹಳದಿ ಗಸಿ ಕೆಟ್ಟುಹೋಗಿತ್ತು, ಆರೋಪಿ ಬಿಡುಗಡೆಯಾದ. ಎಲ್ಲರ ಕಣ್ಣಿಗೂ ಕಾಣುವಂಥ, ಉಳಿಯುವಂಥ ಗುರುತು ಬೇಕೆಂದು ಮಾರ್ಷ್ 1836ರಲ್ಲಿ ಹೊಸ ವಿಧಾನ ಪ್ರಕಟಿಸಿದರು. ಸತು ಮತ್ತು ಆಮ್ಲ ಸೇರಿದರೆ ಜಲಜನಕ. ಅದು ನೀರಿನಲ್ಲಿರುವ ಆರ್ಸೆನಿಕ್ಕನ್ನು ಆರ್ಸೀನ್ ಎಂಬ ಅನಿಲವಾಗಿ ಹೊರಗೆಳೆಯುತ್ತದೆ. ಕಾಯಿಸಿದ ಗಾಜಿನ ಮೇಲೆ ಅದು ಕಪ್ಪು ಕನ್ನಡಿಯಂತೆ ಕೂರುತ್ತದೆ. ಆಮೇಲೆ ಗುಟ್‌ಸೈಟ್ ಎಂಬವರು ಗಾಜಿನ ಬದಲು ಮದ್ದು ಸವರಿದ ಕಾಗದ ತಂದರು. ಇಂದು ಪಾದರಸದ ಬ್ರೋಮೈಡ್ ಹಚ್ಚಿದ ಪಟ್ಟಿ ತಾಂಡಾದ ಕಟ್ಟೆಯ ಮೇಲೆ ಹಳದಿಯಾಗುವುದು ಅದೇ ಅನಿಲದಿಂದ. ತೀರ್ಪು ಕೊಡುವವರು ತಮ್ಮ ಕಣ್ಣಿನಿಂದಲೇ ನೋಡಬೇಕು ಎಂಬ ಹಟದಿಂದ ಹುಟ್ಟಿದ ಪರೀಕ್ಷೆ ಇದು. ಪಟ್ಟಿಯ ದೊಡ್ಡ ಬಲ ಇವತ್ತಿಗೂ ಅದೇ. ಕೊಡ ಹಿಡಿದು ನಿಂತ ಹೆಂಗಸು ಬಿಳಿ ಕಾಗದ ಕಂದಾಗುವುದನ್ನು ತಾನೇ ನೋಡಿದರೆ, ಆ ಬೋರಿಂಗನ್ನು ಬಿಡಿ ಎಂದು ಆಮೇಲೆ ಯಾರೂ ಅವಳಿಗೆ ಭಾಷಣ ಮಾಡಬೇಕಾಗಿಲ್ಲ.

ಎರಡನೆಯ ಬಲ, ಎಣಿಕೆಯದು. ನೆಲದಡಿಯ ಆರ್ಸೆನಿಕ್ ಸಮನಾಗಿ ಹರಡಿಕೊಂಡಿರುವುದಿಲ್ಲ. ಒಂದು ಬಾವಿ ಕೆಟ್ಟಿದ್ದರೆ ಕೂಗಳತೆಯ ಇನ್ನೊಂದು ಬಾವಿ ಚೆನ್ನಾಗಿರಬಹುದು. ಊರಿಗೆ ಎರಡು ಬಾವಿಯಂತೆ ಬಹಳ ನಿಖರವಾಗಿ ಅಳೆದರೂ ಉಳಿದ ಮೂವತ್ತು ಬಾವಿಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಲ್ಲ ಬಾವಿಗಳನ್ನೂ ಸುಮಾರಾಗಿ ಅಳೆದರೆ ಯಾವ ಮನೆಯವರು ಯಾವ ಬಾವಿಗೆ ಹೋಗಬೇಕು ಎಂಬುದಾದರೂ ತಿಳಿಯುತ್ತದೆ. ಬಾಂಗ್ಲಾದೇಶ ಮಾಡಿದ್ದು ಇದನ್ನೇ. ಕೆರೆಕುಂಟೆಯ ನೀರಿನಿಂದ ಮಕ್ಕಳು ವಾಂತಿಭೇದಿಗೆ ಸಾಯುವುದನ್ನು ತಪ್ಪಿಸಲು ಅಲ್ಲಿ 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿಸಿದ್ದರು. 1993ರಲ್ಲಿ ಆ ನೀರಿನಲ್ಲೇ ಆರ್ಸೆನಿಕ್ ಇರುವುದು ಗೊತ್ತಾಯಿತು. ಮುಂದೆ ಸುಮಾರು 50 ಲಕ್ಷ ಬಾವಿಗಳನ್ನು ಕಿಟ್ಟುಗಳಿಂದ ಪರೀಕ್ಷಿಸಿ, ಲೀಟರಿಗೆ 50 ಮೈಕ್ರೊಗ್ರಾಂ ಎಂಬ ಅಲ್ಲಿನ ಮಿತಿ ಮೀರಿದ್ದಕ್ಕೆ ಕೆಂಪು, ಉಳಿದದ್ದಕ್ಕೆ ಹಸಿರು ಬಣ್ಣ ಬಳಿದರು. ಸುಮಾರು 14 ಲಕ್ಷ ಬಾವಿಗಳ ಮೂತಿಗೆ ಕೆಂಪು ಬಿತ್ತು. ಇಷ್ಟು ಬಾಟಲಿಗಳನ್ನು ಪ್ರಯೋಗಾಲಯಗಳಿಗೆ ಸಾಗಿಸಿ, ಒಂದೊಂದನ್ನೇ ಯಂತ್ರಕ್ಕೆ ಕುಡಿಸಿ, ವರದಿ ತರಿಸುವಷ್ಟು ಸೌಲಭ್ಯ ಅಂದು ಆ ದೇಶಕ್ಕೆ ಎಲ್ಲಿತ್ತು? ಢಾಕಾ ಹತ್ತಿರದ ಅರೈಹಜಾರ್‌ನಲ್ಲಿ, ತಮ್ಮ ಬಾವಿ ಕೆಟ್ಟದ್ದು ಎಂದು ತಿಳಿದ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬೇರೆ ಬಾವಿಗೆ ಹೋದರು. ಔಷಧಿಯಿಲ್ಲದ ಕಾಯಿಲೆಗೆ ಇದಕ್ಕಿಂತ ದೊಡ್ಡ ಚಿಕಿತ್ಸೆ ಯಾವುದೂ ಇಲ್ಲ.

ಇಷ್ಟು ಕೇಳಿದವರಿಗೆ ಪಟ್ಟಿಯೇ ಸಾಕಲ್ಲ ಎನ್ನಿಸುತ್ತದೆ. ಆದರೆ 2002ರಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರ ತಂಡ ಕಿಟ್ಟುಗಳ ಮೇಲೆ ಒಂದು ಕಠಿಣ ಪ್ರಬಂಧ ಪ್ರಕಟಿಸಿತು. ಕಿರದಳ್ಳಿ ತಾಂಡಾದ ಅಧ್ಯಯನದಲ್ಲೂ ಮುಂದೆ ನಿಂತವರು ಇವರೇ. ಕಿಟ್ಟಿನಿಂದ ನೋಡಿದ ಬಾವಿಗಳನ್ನೇ ಅವರು ಯಂತ್ರದಿಂದ ಮತ್ತೆ ಅಳೆದರು. ಕೆಟ್ಟ ನೀರನ್ನು ಒಳ್ಳೆಯದೆಂದು ಹೇಳಿದ ತಪ್ಪು ಕೆಲವು ಕಡೆ ಶೇ 68ರವರೆಗೆ, ಒಳ್ಳೆಯ ನೀರನ್ನು ಕೆಟ್ಟದೆಂದು ಹೇಳಿದ ತಪ್ಪು ಶೇ 35ರವರೆಗೆ ಹೋಗಿತ್ತು. ಲಕ್ಷಾಂತರ ಡಾಲರ್ ಸುರಿದ ಈ ತಪಾಸಣೆಯಿಂದ ಏನು ಫಲ ಎಂದು ಅವರು ಕೇಳಿದರು. ಹಸಿರು ಬಣ್ಣ ಸರ್ಕಾರದ ಮಾತು. ಆ ಮಾತನ್ನು ನಂಬಿ ತಾಯಿ ಮಗುವಿಗೆ ನೀರು ಕುಡಿಸುತ್ತಾಳೆ. ಅನುಮಾನವಿದ್ದಾಗ ಅವಳು ಇನ್ನೊಂದು ಬಾವಿಯನ್ನು ಹುಡುಕುತ್ತಿದ್ದಳೋ ಏನೋ. ಹಸಿರು ಬಿದ್ದ ಮೇಲೆ ಹುಡುಕುವುದಿಲ್ಲ. ಪರೀಕ್ಷೆಯೇ ಆಗದ ಬಾವಿಗಿಂತ ತಪ್ಪಾಗಿ ಹಸಿರಾದ ಬಾವಿ ಹೆಚ್ಚು ಅಪಾಯ ಎಂಬ ಅವರ ವಾದವನ್ನು ನಾನು ತಳ್ಳಿಹಾಕಲಾರೆ.

ಮೂರು ವರ್ಷದ ನಂತರ, 2005ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ವ್ಯಾನ್ ಗೀನ್ ಮತ್ತು ಅವರ ಜೊತೆಗಾರರು ಅದೇ ನಿಯತಕಾಲಿಕದಲ್ಲಿ ಉತ್ತರ ಕೊಟ್ಟರು. ಅರೈಹಜಾರ್‌ನ 799 ಬಾವಿಗಳಲ್ಲಿ ಬಹುಬಳಕೆಯ ಒಂದು ಕಿಟ್ಟನ್ನು ಯಂತ್ರದ ಎದುರಿಗೆ ಇಟ್ಟು ನೋಡಿದಾಗ ಶೇ 88ರಷ್ಟು ಬಾವಿಗಳ ವಿಷಯದಲ್ಲಿ ಕಿಟ್ಟು ಸರಿಯಾಗಿತ್ತು. ತಪ್ಪಿದ್ದು ಎಲ್ಲಿ? ಹೆಚ್ಚಿನವು 50ರಿಂದ 100ರ ನಡುವಿನ ನೀರು. ಇದ್ದದ್ದಕ್ಕಿಂತ ಕಡಿಮೆ ತೋರಿಸಿದ ತಪ್ಪುಗಳು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಓದಿದಾಗ ನನಗೆ ಆ ತಾಂಡಾದ ಕಟ್ಟೆ ಕಣ್ಣ ಮುಂದೆ ಬಂತು: ಇಪ್ಪತ್ತು ನಿಮಿಷದ ಬದಲು ನಲವತ್ತು ನಿಮಿಷ ಕಾಯಿರಿ. ಅನಿಲ ಪೂರ್ತಿ ಹೊರಬಂದು ಪಟ್ಟಿಗೆ ತಾಗಲು ಹೊತ್ತು ಬೇಕು, ಅಷ್ಟೆ. ಸಾಲಿನಲ್ಲಿ ನಿಂತವರ ಗೊಣಗಾಟಕ್ಕೆ ಅಂಜಿ ಹತ್ತು ನಿಮಿಷಕ್ಕೇ ಪಟ್ಟಿ ಎತ್ತಿದರೆ ಏನಾಗುತ್ತದೆ ಎಂದು ಊಹಿಸಬಹುದು.

ಈ ಇಬ್ಬರಲ್ಲಿ ಯಾರು ಸರಿ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಇಬ್ಬರ ಅಂಕಿಗಳೂ ನಿಜ. ಬೇರೆ ಬೇರೆ ಕಿಟ್ಟು, ಬೇರೆ ಬೇರೆ ಕೈ, ಬೇರೆ ಬೇರೆ ಎಚ್ಚರ. ಚಕ್ರವರ್ತಿಯವರ ಏಟು ಬೀಳದಿದ್ದರೆ ಕಿಟ್ಟುಗಳನ್ನು ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಡ್ಡುವ ಒತ್ತಡ ಇರುತ್ತಿರಲಿಲ್ಲ ಎಂದು ನನ್ನ ಭಾವನೆ. ಇನ್ನೊಂದು ವಿಷಯವನ್ನು ಗಮನಿಸಬೇಕು. ಜಾದವ್‌ಪುರದವರು ಬಳಸಿದ ಯಂತ್ರ ಕೂಡ ಮಾದರಿಯಿಂದ ಅದೇ ಆರ್ಸೀನ್ ಅನಿಲವನ್ನು ಎಬ್ಬಿಸುತ್ತದೆ. ಆ ಅನಿಲ ಕಾಯ್ದ ಸ್ಫಟಿಕದ ಕೊಳವೆಯೊಳಗೆ ಹೋಗಿ ಒಂದು ನಿರ್ದಿಷ್ಟ ಬೆಳಕನ್ನು ಎಷ್ಟು ನುಂಗುತ್ತದೆ ಎಂದು ಯಂತ್ರ ಎಣಿಸುತ್ತದೆ. ಕಟ್ಟೆಯ ಮೇಲೆ ಆ ಎಣಿಕೆ ಮನುಷ್ಯನ ಕಣ್ಣಿನ ಪಾಲು. ಮೂಲ ಒಂದೇ, ಓದುವವರು ಬೇರೆ.

ಹಾಗಾದರೆ ಯಂತ್ರದ ಅಂಕಿ ದೇವರ ಮಾತೇ? ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಆದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಒಂದು ಹಳ್ಳಿಯಿಂದ ನೀರು ತುಂಬಿ ತಂದಿದ್ದೆ. ಸ್ಥಳದಲ್ಲೇ ನೈಟ್ರಿಕ್ ಆಮ್ಲ ಹಾಕಬೇಕಿತ್ತು; ಆಮ್ಲದ ಸೀಸೆ ಮರೆತು ಹೋಗಿತ್ತು. ಪ್ರಯೋಗಾಲಯ ತಲುಪಿದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಆ ಪ್ರಯೋಗಾಲಯದಲ್ಲಿ ಬಾಟಲಿ ನಾಲ್ಕಾರು ದಿನ ಮೂಲೆಯಲ್ಲಿ ಕುಳಿತಿತು. ತೆಗೆದು ನೋಡಿದರೆ ತಿಳಿಯಾಗಿದ್ದ ನೀರಿನ ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ. ನೀರಿನಲ್ಲಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ತಳಕ್ಕಿಳಿಯುವಾಗ ಆರ್ಸೆನಿಕ್ಕನ್ನೂ ಅಪ್ಪಿಕೊಂಡು ಇಳಿದಿತ್ತು. ಯಾರೋ ಮೇಲಿನ ತಿಳಿನೀರನ್ನಷ್ಟೇ ಯಂತ್ರಕ್ಕೆ ಕೊಟ್ಟರು. ಅಂಕಿ ಚೆನ್ನಾಗಿ ಬಂತು. ಯಂತ್ರ ಸುಳ್ಳು ಹೇಳಲಿಲ್ಲ. ತನಗೆ ಕೊಟ್ಟ ನೀರಿನ ಬಗ್ಗೆ ನಿಜವನ್ನೇ ಹೇಳಿತು. ಆದರೆ ಅದು ಆ ಬಾವಿಯ ನೀರಾಗಿ ಉಳಿದಿರಲಿಲ್ಲ. ಕಟ್ಟೆಯ ಮೇಲಿನ ಬಡ ಪಟ್ಟಿಗೆ ಈ ದೋಷವಿಲ್ಲ. ಅದು ಬೋರಿಂಗಿನಿಂದ ಬಿದ್ದ ಗಳಿಗೆಯ ನೀರನ್ನೇ ನೋಡುತ್ತದೆ. ಆ ಮೇಲೆ ನಾನು ಬಾಟಲಿಗಳನ್ನು ಆಮ್ಲದಲ್ಲಿ ತೊಳೆದು, ಲೀಟರಿಗೆ ಎರಡು ಮಿಲಿಲೀಟರ್ ಶುದ್ಧ ನೈಟ್ರಿಕ್ ಆಮ್ಲವನ್ನು ಬಾವಿಯ ಬಳಿಯೇ ಹಾಕಿಯೇ ಹೊರಡುತ್ತಿದ್ದೆ. ಆಮ್ಲವಿಲ್ಲದ ಬಾಟಲಿಯಲ್ಲಿ ಸೀಸದಂಥ ಲೋಹಗಳು ಗೋಡೆಗೇ ಅಂಟಿಕೊಂಡುಬಿಡುತ್ತವೆ.

ಐಸಿಪಿ-ಎಂಎಸ್ ಎಂಬ ಕೋಟಿ ರೂಪಾಯಿಯ ಯಂತ್ರಕ್ಕೂ ಅದರದೇ ಮೋಸವಿದೆ. ಅದು ಆರ್ಗಾನ್ ಅನಿಲದ ಪ್ಲಾಸ್ಮಾದಲ್ಲಿ, ಸೂರ್ಯನ ಮೇಲ್ಮೈಯಷ್ಟು ಅಥವಾ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ, ಮಾದರಿಯನ್ನು ಬಿಡಿಬಿಡಿ ಪರಮಾಣುಗಳಾಗಿ ಒಡೆದು ತೂಕದ ಮೇಲೆ ಗುರುತಿಸುತ್ತದೆ. ಆರ್ಸೆನಿಕ್ಕಿನ ತೂಕ 75. ನೀರು ಉಪ್ಪಾಗಿದ್ದರೆ ಅದರ ಕ್ಲೋರಿನ್ 35, ಯಂತ್ರದ್ದೇ ಆರ್ಗಾನ್ 40. ಎರಡೂ ಕೂಡಿಕೊಂಡರೆ 75. ಇಲ್ಲದ ಆರ್ಸೆನಿಕ್ ಇದ್ದಂತೆ ಕಾಣುತ್ತದೆ. ಹೀಲಿಯಂ ಹಾಯಿಸಿ ಇದನ್ನು ತಡೆಯುವ ದಾರಿಯಿದೆ, ತಿಳಿದವರು ತಡೆಯುತ್ತಾರೆ. ನಮ್ಮ ಬಯಲುಸೀಮೆಯ ಸವುಳು ನೀರಿನ ಬಾಟಲಿ ಇಟ್ಟುಕೊಂಡವರು ಇದನ್ನು ತಿಳಿದಿರಲೇಬೇಕು.

ಪ್ರಯೋಗಾಲಯದ ಕಾಗದಗಳೇ ಒಂದಕ್ಕೊಂದು ಎದುರಾದದ್ದನ್ನು ಇಡೀ ದೇಶ 2015ರಲ್ಲಿ ನೋಡಿತು. ಮ್ಯಾಗಿ ನೂಡಲ್ಸಿನ ಒಂದು ಮಾದರಿಯಲ್ಲಿ ಕೋಲ್ಕತ್ತದ ಕೇಂದ್ರ ಪ್ರಯೋಗಾಲಯ 17.2 ಪಿಪಿಎಂ ಸೀಸ ಇದೆ ಎಂದಿತು; ಮಿತಿ ಇದ್ದದ್ದು 2.5. ಜೂನ್ ತಿಂಗಳಲ್ಲಿ ನಿಷೇಧ ಬಂತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿ, ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಹೇಳಿತು. ಆ ಮೂರೂ ಕಡೆ ಸೀಸ ಮಿತಿಯೊಳಗೇ ಇತ್ತು. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಆಮೇಲೆ ಮಾದರಿಗಳು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಬಂದವು. ಯಂತ್ರ ಎಷ್ಟೇ ದೊಡ್ಡದಿರಲಿ, ಅದಕ್ಕೆ ಮಾನ್ಯತೆ ಇದೆಯೇ, ಖಾಲಿ ಆಮ್ಲದ ಬ್ಲಾಂಕ್ ಓಡಿಸಿದರೇ, ಗೊತ್ತಿರುವ ಅಂಕಿಯ ಪ್ರಮಾಣಿತ ಪುಡಿಯನ್ನು ಜೊತೆಗೆ ಅಳೆದರೇ ಎಂದು ಕೇಳದೆ ಅದರ ಅಂಕಿಯನ್ನು ನಂಬಬಾರದು ಎಂಬುದನ್ನು ಆ ಪ್ರಕರಣದಿಂದ ಎಲ್ಲರೂ ಕಲಿಯಬೇಕಿತ್ತು.

ಆಹಾರದ ವಿಷಯಕ್ಕೆ ಬಂದರೆ ಪಟ್ಟಿ ಕಣಕ್ಕೇ ಇಳಿಯುವುದಿಲ್ಲ. ಅಕ್ಕಿಯ ಕಾಳಿನೊಳಗಿನ ಲೋಹವನ್ನು ಮೊದಲು ಬಿಡಿಸಿ ತರಬೇಕು. ಅಕ್ಕಿಯನ್ನು ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಅರ್ಧ ಗ್ರಾಂ ತೂಗಿ, ಟೆಫ್ಲಾನ್ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಬಿಗಿಯಾಗಿ ಮುಚ್ಚಿ, ಮೈಕ್ರೋವೇವಿನಲ್ಲಿ 180 ಡಿಗ್ರಿಯ ಆಚೀಚೆ ಕಾಯಿಸುತ್ತಾರೆ. ಪಾತ್ರೆ ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿದರೆ ಕಿತ್ತಳೆ ಬಣ್ಣದ ಘಾಟು ಹೊಗೆ ಭುಸ್ಸೆಂದು ಬರುತ್ತದೆ. ಕೆಳಗೆ ಅಕ್ಕಿಯ ಗುರುತೇ ಇಲ್ಲದ ತಿಳಿ ದ್ರಾವಣ. ಅದರಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಅಳೆಯುವುದು ಸುಲಭ. ಆದರೆ ಅಷ್ಟು ಉಗ್ರ ಆಮ್ಲದಲ್ಲಿ ಯಾವ ರೂಪದ ಆರ್ಸೆನಿಕ್ ಇತ್ತು ಎಂಬ ಭೇದ ಅಳಿಸಿಹೋಗಿರುತ್ತದೆ. ಅಜೈವಿಕ ರೂಪದ್ದು ಹೆಚ್ಚು ಘಾತಕ. ಅಕ್ಕಿಯಲ್ಲಿ ಸಿಗುವ ಇಂಗಾಲ ಸೇರಿದ ರೂಪ ಅಷ್ಟು ಘಾತಕವಲ್ಲ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಸಾಕು. ಯಂತ್ರಗಳನ್ನು ಸರಿನೋಡಲು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಮಾರುವ ಅಕ್ಕಿಹಿಟ್ಟಿನ ಸೀಸೆ, 1568ಬಿ ಎಂಬುದು, ಅನೇಕ ಪ್ರಯೋಗಾಲಯಗಳಲ್ಲಿದೆ. ಅದರಲ್ಲಿ ಒಟ್ಟು ಆರ್ಸೆನಿಕ್ ಕಿಲೋಗೆ 0.285 ಮಿಲಿಗ್ರಾಂ; ಅದರಲ್ಲಿ ಅಜೈವಿಕ 0.092 ಮಾತ್ರ. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆಯಾದ ಕೋಡೆಕ್ಸ್ 2014ರಲ್ಲಿ ಇಟ್ಟ ಮಿತಿ ಅಜೈವಿಕ ಆರ್ಸೆನಿಕ್ 0.2. ಒಟ್ಟು ನೋಡಿದವರಿಗೆ ಆ ಹಿಟ್ಟು ಮಿತಿ ಮೀರಿದಂತೆ, ರೂಪ ನೋಡಿದವರಿಗೆ ಮಿತಿಯ ಅರ್ಧದೊಳಗೆ. ಒಂದೇ ಹಿಟ್ಟು, ಲೋಹವನ್ನು ಹೇಗೆ ಬಿಡಿಸಿ ತಂದಿರಿ ಎಂಬುದರ ಮೇಲೆ ತೀರ್ಪು ನಿಂತಿತು. ರೂಪ ಉಳಿಸಿಕೊಂಡು ಬಿಡಿಸಲು ತೆಳು ಆಮ್ಲ, ಹದವಾದ ಬಿಸಿ, ಆಮೇಲೆ ರೂಪಗಳನ್ನು ಬೇರ್ಪಡಿಸುವ ಇನ್ನೊಂದು ಯಂತ್ರ ಬೇಕು. ಖರ್ಚು, ಸಮಯ ಎರಡೂ ಹೆಚ್ಚು. ಹಾಗಾಗಿ ಕೋಡೆಕ್ಸ್ ಒಂದು ದಾರಿ ಬಿಟ್ಟಿದೆ: ಮೊದಲು ಒಟ್ಟು ಅಳೆಯಿರಿ, ಅದೇ ಮಿತಿಯೊಳಗಿದ್ದರೆ ಮುಂದಿನ ಪರೀಕ್ಷೆ ಬೇಡ.

ಈ ದಾರಿಯಲ್ಲೇ ನನಗೆ ನೀರಿನ ಜಗಳಕ್ಕೂ ಉತ್ತರದ ಸುಳಿವು ಕಂಡದ್ದು. ಒಟ್ಟು ಅಳತೆ ಒಂದು ಒರಟು ಜರಡಿ. ಆದರೆ ಅದು ತಪ್ಪಿದರೆ ಸುರಕ್ಷಿತ ಕಡೆಗೇ ತಪ್ಪುತ್ತದೆ, ಏಕೆಂದರೆ ಒಟ್ಟು ಯಾವಾಗಲೂ ಅದರೊಳಗಿನ ಒಂದು ಭಾಗಕ್ಕಿಂತ ಕಡಿಮೆಯಾಗಲಾರದು. ಬಾವಿಯ ಪಟ್ಟಿ ಹಾಗಲ್ಲ. ಅರೈಹಜಾರ್‌ನಲ್ಲಿ ಅದರ ಪರವಾಗಿ ನಿಂತವರ ಲೆಕ್ಕದಲ್ಲೇ ಅದು ಬಹುಪಾಲು ಕಡಿಮೆ ತೋರಿಸಿ ತಪ್ಪಿತು. ಅದೂ 50ರ ಮಿತಿಯ ಹತ್ತಿರ. ನಮ್ಮ ಮಿತಿ 10. ಬಣ್ಣದ ಚೀಟಿಯಲ್ಲಿ ಬಿಳಿಗೂ ಮೊದಲ ಹಳದಿಗೂ ಇರುವ ಅಂತರ ಕಣ್ಣಿಗೆ ಸಿಗುವುದೇ ಕಷ್ಟ. ಮಿತಿ ಬಿದ್ದಿರುವುದು ಅಲ್ಲೇ.

ಪಟ್ಟಿಗೆ ಇನ್ನೊಂದು ಕೊರತೆಯಿದೆ. ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೋಲಾರ, ತುಮಕೂರು ಕಡೆಯ ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಸಿಕ್ಕಿರುವುದು ನಮಗೆ ಗೊತ್ತು. ಆರ್ಸೆನಿಕ್ ಪಟ್ಟಿ ಅದರ ಎದುರು ಬಿಳಿಯಾಗಿಯೇ ಉಳಿಯುತ್ತದೆ. ಯಂತ್ರವಾದರೆ ಒಂದೇ ಬಾಟಲಿಯಿಂದ ಸೀಸ, ಕ್ರೋಮಿಯಂ, ಮ್ಯಾಂಗನೀಸ್, ಯುರೇನಿಯಂ ಎಲ್ಲವನ್ನೂ ಹೇಳಬಲ್ಲದು. ಹಾಗೆಂದು ಯಂತ್ರದ ಕಡೆಯವರು ಹಿಗ್ಗುವಂತಿಲ್ಲ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷೆಯವರು ಬಾಂಗ್ಲಾದೇಶದ 150 ಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅಳೆಯಬೇಕಾದವುಗಳ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಅದರ ಮೇಲೆ ನಡೆದ ಮೊಕದ್ದಮೆಯನ್ನು 2006ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ವಜಾ ಮಾಡಿತು. ಕಾನೂನಿನ ಹೊಣೆ ಇಲ್ಲ ಎಂದಾಯಿತು. ಆದರೆ ಒಳ್ಳೆಯ ಉಪಕರಣವೂ ಕೇಳದೇ ಇದ್ದದ್ದನ್ನು ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ಗೊತ್ತಿಲ್ಲ.

ಎಲ್ಲವನ್ನೂ ತೂಗಿ ನೋಡಿ ನಾನು ಬಂದು ನಿಂತಿರುವ ಜಾಗ ಇದು. ಕೆಂಪು ಬಳಿಯುವ ಅಧಿಕಾರವನ್ನು ಪಟ್ಟಿಗೆ ಕೊಡುತ್ತೇನೆ. ಹಸಿರು ಬಳಿಯುವ ಅಧಿಕಾರವನ್ನು ಕೊಡುವುದಿಲ್ಲ. ಪಟ್ಟಿ ಕಂದಾದರೆ ಯಾವ ವರದಿಗೂ ಕಾಯದೆ ಅವತ್ತೇ ಆ ಬೋರಿಂಗಿನ ನೀರು ಕುಡಿಯುವುದಕ್ಕೆ, ಅಡುಗೆಗೆ ನಿಲ್ಲಬೇಕು. ಪಟ್ಟಿ ಬಿಳಿಯಾಗಿಯೋ ತಿಳಿ ಹಳದಿಯಾಗಿಯೋ ಉಳಿದರೆ ಆಮ್ಲ ಹಾಕಿದ ಬಾಟಲಿ ಪ್ರಯೋಗಾಲಯಕ್ಕೆ ಹೋಗಬೇಕು; ಅಲ್ಲಿಂದ ಉತ್ತರ ಬಂದ ಮೇಲಷ್ಟೇ ಹಸಿರು. ಇದಕ್ಕೂ ಆಕ್ಷೇಪಣೆ ಇದೆ, ಅದೂ ಗಟ್ಟಿಯಾದದ್ದೇ. ತಪ್ಪಾಗಿ ಕೆಂಪು ಬಿದ್ದ ಬಾವಿಯಿಂದ ಹೆಂಗಸರು ಇನ್ನೂ ಅರ್ಧ ಮೈಲಿ ನಡೆಯಬೇಕಾಗುತ್ತದೆ. ಹತ್ತಿರದ ಹಳ್ಳದ ನೀರಿಗೆ ಮರಳಿದರೆ ಮಕ್ಕಳಿಗೆ ಭೇದಿ ಶುರುವಾಗುತ್ತದೆ. ಆದ್ದರಿಂದ ಕೆಂಪು ಬಿದ್ದ ಬಾವಿಯ ಬಾಟಲಿಯೂ ಯಂತ್ರದ ಸಾಲಿನಲ್ಲಿ ಇರಬೇಕು, ಅದರ ಉತ್ತರಕ್ಕೂ ಗಡುವು ಇರಬೇಕು. ಪ್ರಯೋಗಾಲಯದವರು ನಿಖರತೆಯ ಹೆಸರಿನಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಪಟ್ಟಿಯ ತಪ್ಪನ್ನು ಆಡಿಕೊಳ್ಳುವ ಹಕ್ಕನ್ನು ಅವರು ಕಳೆದುಕೊಳ್ಳುತ್ತಾರೆ. ಅವರ ಸಾಲಿನಲ್ಲಿ ನಿಂತವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಜಲ ಜೀವನ್ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯಲ್ಲೂ ಐದು ಜನರಿಗೆ, ಸಾಧ್ಯವಾದಷ್ಟು ಹೆಣ್ಣುಮಕ್ಕಳಿಗೆ, ಕಿಟ್ಟು ಬಳಸಲು ಕಲಿಸಬೇಕೆಂಬ ನಿಯಮವಿದೆ. ನಿಮ್ಮ ಊರಿನಲ್ಲಿ ಅವರು ಪರೀಕ್ಷೆಗೆ ಕುಳಿತಾಗ ಅವಸರಪಡಿಸಬೇಡಿ. ಕಿಟ್ಟಿನ ಮೇಲೆ ಬರೆದಷ್ಟು ಹೊತ್ತು ಪೂರ್ತಿ ಕಾಯಲು ಬಿಡಿ. ಹುಣಸಗಿ, ಸುರಪುರ, ಲಿಂಗಸುಗೂರು, ದೇವದುರ್ಗದ ಕಡೆ ಸ್ವಂತ ಬೋರ್‌ವೆಲ್ ಇರುವವರು ಒಮ್ಮೆಯಾದರೂ ಆರ್ಸೆನಿಕ್ ಪರೀಕ್ಷೆ ಮಾಡಿಸಿ. ವರದಿ ಕೈಗೆ ಬಂದರೆ ಮೂರು ವಿಷಯ ಕೇಳಿ: ಬಾಟಲಿಗೆ ಬಾವಿಯ ಬಳಿಯೇ ಆಮ್ಲ ಹಾಕಿದ್ದರೇ, ಬ್ಲಾಂಕ್ ಎಷ್ಟು ಬಂತು, ಈ ಯಂತ್ರ ಕಾಣಬಲ್ಲ ಅತಿ ಕಡಿಮೆ ಪ್ರಮಾಣ ಎಷ್ಟು. ಪ್ರಯೋಗಾಲಯಗಳಲ್ಲಿ ಕೂತಿರುವ ನನ್ನ ಜೊತೆಗಾರರಲ್ಲಿ ನನ್ನದು ಒಂದೇ ಬೇಡಿಕೆ. ಅಂಕಿಯನ್ನು ಕಚೇರಿಗೆ ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಬೋರಿಂಗಿನ ಹತ್ತಿರ ಆ ಬಾಟಲಿ ತುಂಬಿಕೊಟ್ಟ ಹೆಣ್ಣುಮಗಳಿಗೆ ಫೋನ್ ಮಾಡಿ, ನೀರು ಕುಡಿಯಬಹುದೋ ಬಾರದೋ ಎಂದು ಅವರ ಮಾತಿನಲ್ಲೇ ಹೇಳುವವರೆಗೆ ಫೈಲು ಮುಚ್ಚಬೇಡಿ.